1864ರ ಅಕ್ಟೋಬರ್: ಅಮೆರಿಕದಲ್ಲಿ ಅಂತರ್ಯುದ್ಧ, ಹೊರಗೆ ಏನೇನಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರ್ಯುದ್ಧದ ನಾಲ್ಕು ವರ್ಷಗಳಲ್ಲಿ ಈ ಒಂದು ತಿಂಗಳೇ ಯಾಕೆ?

1863ರ ಜುಲೈ ಹೆಚ್ಚು ಹೆಸರುವಾಸಿ, ನಿಜ. ಗೆಟಿಸ್‌ಬರ್ಗ್ ಕಾಳಗ, ವಿಕ್ಸ್‌ಬರ್ಗ್ ಪತನ ಎರಡೂ ಆಗಲೇ ಆದವು. ಆದರೆ ಆ ತಿಂಗಳ ಕಥೆ ಬಹುಪಾಲು ಅಮೆರಿಕದೊಳಗೇ ಮುಗಿದುಹೋಗುತ್ತದೆ. 1864ರ ಅಕ್ಟೋಬರ್ ಹಾಗಲ್ಲ. ಯುದ್ಧದ ಒಂದು ಎಳೆ ಬ್ರೆಜಿಲಿನ ಬಂದರಿನಲ್ಲಿ, ಇನ್ನೊಂದು ಕೆನಡಾದ ನ್ಯಾಯಾಲಯದಲ್ಲಿ, ಮತ್ತೊಂದು ಲಂಡನ್ನಿನ ಬಡ್ಡಿದರದಲ್ಲಿ ಸಿಗುತ್ತದೆ. ಕೊನೆಯದನ್ನು ಹಿಡಿದು ಹೊರಟರೆ ಧಾರವಾಡ ಸೀಮೆಯ ಎರೆಹೊಲದವರೆಗೂ ಬರಬಹುದು. ಯುದ್ಧಕ್ಕೆ ಸಂಬಂಧವೇ ಇಲ್ಲದ ದೊಡ್ಡ ಘಟನೆಗಳೂ ಅದೇ ತಿಂಗಳಲ್ಲಿ ಆದವು. ಎರಡನ್ನೂ ಬೆರೆಸದೆ ನೋಡುವುದು ಮುಖ್ಯ.

ಆ ಹೊತ್ತಿಗೆ ಯುದ್ಧ ಯಾವ ಹಂತದಲ್ಲಿತ್ತು?

ಒಕ್ಕೂಟದಿಂದ ಬೇರೆಯಾದ ದಕ್ಷಿಣದವರ ನಗರ ಅಟ್ಲಾಂಟಾ ಸೆಪ್ಟೆಂಬರ್ 2ರಂದು ಒಕ್ಕೂಟದ ಪರ ಕಾದುತ್ತಿದ್ದ ಉತ್ತರದವರ ಕೈಸೇರಿತ್ತು. ವರ್ಜೀನಿಯಾದಲ್ಲಿ ಉತ್ತರದ ದಂಡನಾಯಕ ಗ್ರಾಂಟ್ ಜೂನ್‌ನಿಂದ ಪೀಟರ್ಸ್‌ಬರ್ಗ್‌ಗೆ ಮುತ್ತಿಗೆ ಹಾಕಿ ಕೂತಿದ್ದ. ನವೆಂಬರ್ 8ಕ್ಕೆ ಅಧ್ಯಕ್ಷರ ಚುನಾವಣೆ. ಅಕ್ಟೋಬರ್ 11ರಂದು ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ರಾಜ್ಯಗಳ ಚುನಾವಣೆಯಲ್ಲಿ ಲಿಂಕನ್ ಪಕ್ಷ ಗೆದ್ದಾಗ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದು ಬಹುಮಟ್ಟಿಗೆ ಗೊತ್ತಾಯಿತು. ತಿಂಗಳೊಳಗಿನ ದಾಳಿಗಳಲ್ಲಿ ನೆನಪಿಡಬೇಕಾದವು: 5ರಂದು ಜಾರ್ಜಿಯಾದ ಅಲಟೂನ, 19ರಂದು ಸೀಡರ್ ಕ್ರೀಕ್, 23ರಂದು ಮಿಸೌರಿಯ ವೆಸ್ಟ್‌ಪೋರ್ಟ್. ತಿಂಗಳ ಕೊನೆಗೆ ಲೆಫ್ಟಿನೆಂಟ್ ಕುಶಿಂಗ್ ಸಣ್ಣ ದೋಣಿಯೊಂದರಲ್ಲಿ ಹೋಗಿ, ದಕ್ಷಿಣದವರ ಕಬ್ಬಿಣದ ಕವಚದ ಹಡಗು ಆಲ್ಬೆಮಾರ್ಲ್ ಅನ್ನು ಸ್ಫೋಟಿಸಿ ಮುಳುಗಿಸಿದ.

ಈ ಕೊನೆಯ ಘಟನೆಗೆ ಕೆಲವರು 27 ಎಂದೂ ಕೆಲವರು 28 ಎಂದೂ ಬರೆಯುತ್ತಾರೆ. ಎರಡೂ ತಪ್ಪಲ್ಲ. ದೋಣಿ ಹೊರಟದ್ದು 27ರ ರಾತ್ರಿ, ಸ್ಫೋಟ ಆದದ್ದು ನಡುರಾತ್ರಿ ಕಳೆದ ಮೇಲೆ. "27–28ರ ರಾತ್ರಿ" ಎಂದು ಬರೆದರೆ ತಕರಾರೇ ಇಲ್ಲ.

ಅಕ್ಟೋಬರ್ 19ರಂದು ಮೂರು ಘಟನೆ ಒಟ್ಟಿಗೆ ನಡೆದವು ಎನ್ನುತ್ತಾರೆ. ಅದು ಮೊದಲೇ ಹೂಡಿದ ಯೋಜನೆಯೇ?

ಅಲ್ಲ, ಕಾಕತಾಳೀಯ. ಮೊದಲೆರಡರ ನಡುವೆಯೇ ನೂರಾರು ಮೈಲಿ, ಮೂರನೆಯದು ಸಾವಿರಾರು ಮೈಲಿ ದೂರ.

ಒಂದು, ವರ್ಜೀನಿಯಾದ ಶೆನಂಡೋವಾ ಕಣಿವೆಯ ಸೀಡರ್ ಕ್ರೀಕ್. ದಕ್ಷಿಣದ ದಂಡನಾಯಕ ಜೂಬಲ್ ಅರ್ಲಿ ನಸುಕಿನ ಮಂಜಿನಲ್ಲಿ ಮೇಲೆಬಿದ್ದು ಉತ್ತರದ ಸೈನ್ಯವನ್ನು ಚದುರಿಸಿದ. ವಿಂಚೆಸ್ಟರ್‌ನಲ್ಲಿದ್ದ ಉತ್ತರದ ದಂಡನಾಯಕ ಶೆರಿಡನ್ ಕುದುರೆ ಓಡಿಸಿಕೊಂಡು ಬಂದು, ಹಿಮ್ಮೆಟ್ಟುತ್ತಿದ್ದವರನ್ನು ಕೂಡಿಸಿ, ಮಧ್ಯಾಹ್ನದ ಮೇಲೆ ತಿರುಗಿ ಹೊಡೆದ. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಉತ್ತರಕ್ಕೆ 5,600ಕ್ಕೂ ಹೆಚ್ಚು, ದಕ್ಷಿಣಕ್ಕೆ ಸುಮಾರು 2,900 ನಷ್ಟ. ಲೆಕ್ಕದಲ್ಲಿ ಹೆಚ್ಚು ಕಳೆದುಕೊಂಡವರೇ ಗೆದ್ದರು. ಆ ಕಣಿವೆಯಲ್ಲಿ ದಕ್ಷಿಣದ ಬಲ ಮತ್ತೆ ತಲೆ ಎತ್ತಲಿಲ್ಲ.

ಎರಡು, ಕೆನಡಾ ಗಡಿಗೆ ಹತ್ತಿರದ ವರ್ಮಂಟ್ ಪಟ್ಟಣ ಸೇಂಟ್ ಆಲ್ಬನ್ಸ್. ಬೆನೆಟ್ ಯಂಗ್ ಎಂಬವನ ಮುಂದಾಳುತನದಲ್ಲಿ ಇಪ್ಪತ್ತರಷ್ಟು ದಕ್ಷಿಣದವರು ಮಾಮೂಲಿ ಪ್ರಯಾಣಿಕರಂತೆ ಬಂದು ಇಳಿದುಕೊಂಡಿದ್ದರು. ಮಧ್ಯಾಹ್ನ ಒಂದೇ ಸಲಕ್ಕೆ ಮೂರು ಬ್ಯಾಂಕಿಗೆ ನುಗ್ಗಿ ಸುಮಾರು 2,08,000 ಡಾಲರ್ ದೋಚಿ ಗಡಿ ದಾಟಿದರು. ಒಬ್ಬ ಸತ್ತ. ಕೆನಡಾದವರು ಹಲವರನ್ನು ಹಿಡಿದರು. ಆದರೆ ಅವರು ಯುದ್ಧನಿರತ ಸೈನಿಕರು, ಸಾಮಾನ್ಯ ದರೋಡೆಕೋರರಲ್ಲ ಎಂಬ ನೆಲೆಯಲ್ಲಿ ಅಮೆರಿಕಕ್ಕೆ ಒಪ್ಪಿಸಲಿಲ್ಲ. ಸಿಕ್ಕ ಹಣ ಸುಮಾರು 88,000 ಡಾಲರನ್ನು ಮಾತ್ರ ಹಿಂದಿರುಗಿಸಿದರು.

ಮೂರು, ಮಡೈರಾ ದ್ವೀಪದ ಹತ್ತಿರದ ಕಡಲಲ್ಲಿ ಶೆನಂಡೋವಾ ಎಂಬ ಯುದ್ಧನೌಕೆಗೆ ದಕ್ಷಿಣದ ಬಾವುಟ ಏರಿತು. ಅದೇ ದಿನ ಹೆಸರಾದ ಕಣಿವೆಯ ಹೆಸರೇ ಹಡಗಿಗೂ ಇರುವುದರಿಂದ, ಸೀಡರ್ ಕ್ರೀಕ್ ಕಾಳಗದ ನೆನಪಿಗೆ ಹೆಸರಿಟ್ಟರು ಎಂದು ಬರೆಯುವವರಿದ್ದಾರೆ. ಸಾಧ್ಯವೇ ಇಲ್ಲದ ಮಾತು. ಕಾಳಗದ ಸುದ್ದಿ ಮಡೈರಾಕ್ಕೆ ಅವತ್ತು ಮುಟ್ಟುವ ಯಾವ ದಾರಿಯೂ ಇರಲಿಲ್ಲ.

ಆ ಹಡಗು ಬೊಂಬಾಯಿಗೆ ಹೊರಟಿತ್ತಂತೆ, ಹೌದೇ?

ಕಾಗದದ ಮೇಲೆ ಹೌದು. ಹಡಗಿನ ಮೂಲ ಹೆಸರು ಸೀ ಕಿಂಗ್. ಗ್ಲಾಸ್ಗೋದಲ್ಲಿ ಕಟ್ಟಿದ್ದು, ಹಾಯಿ ಮತ್ತು ಉಗಿ ಎರಡರಲ್ಲೂ ನಡೆಯುವಂಥದ್ದು. ಅಕ್ಟೋಬರ್ 8ರಂದು ವ್ಯಾಪಾರಕ್ಕೆಂದು ಬೊಂಬಾಯಿಯ ಹೆಸರು ಹೇಳಿ ಲಂಡನ್ ಬಿಟ್ಟಿತು. ಬೊಂಬಾಯಿಯನ್ನೇ ಆರಿಸಿದ್ದರಲ್ಲಿ ಜಾಣತನ ಇತ್ತು: ಹತ್ತಿ ತರಲು ಅಲ್ಲಿಗೆ ಹೋಗುವ ಹಡಗುಗಳು ಆಗ ಎಷ್ಟೆಂದರೆ, ಇನ್ನೊಂದು ಹೊರಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಲಾರೆಲ್ ಎಂಬ ಇನ್ನೊಂದು ಹಡಗು ಫಿರಂಗಿ, ಮದ್ದುಗುಂಡು ಮತ್ತು ಅಧಿಕಾರಿಗಳನ್ನು ಹೊತ್ತು ಬೇರೆಯಾಗಿ ಹೊರಟಿತ್ತು. ಎರಡೂ ಮಡೈರಾ ಬಳಿ ಸಂಧಿಸಿ ಸರಕು ಬದಲಾಯಿಸಿಕೊಂಡವು. ಬ್ರಿಟನ್ನಿನ ನೆಲದಲ್ಲಿ ಆಯುಧ ತುಂಬಿದರೆ ತಟಸ್ಥ ನಿಯಮ ಮುರಿದಂತೆ, ನಡುಗಡಲಲ್ಲಿ ತುಂಬಿದರೆ ವಾದಿಸಲು ಜಾಗವಿದೆ ಎಂಬ ಲೆಕ್ಕ. ಕೆಲಸ ಸಲೀಸಾಗಿ ನಡೆಯಲಿಲ್ಲ. ಬಂದ ನಾವಿಕರಲ್ಲಿ ಹೆಚ್ಚಿನವರು ಯುದ್ಧಕ್ಕೆ ಸೇರಲು ಒಪ್ಪದೆ ಲಾರೆಲ್ ಹತ್ತಿ ಹೋದರು. ಫಿರಂಗಿಗಳು ಬಂದವು, ಅವನ್ನು ಕಟ್ಟಿ ಎಳೆಯುವ ಹಗ್ಗ-ರಾಟೆಗಳು ಸಿಗಲಿಲ್ಲ. ಕ್ಯಾಪ್ಟನ್ ವಾಡೆಲ್ ಕೈಯಲ್ಲಿ ಆಗ ಇದ್ದದ್ದು ಸಿಡಿಸಲಾಗದ ಫಿರಂಗಿ ಮತ್ತು ಹಾಯಿ ಬಿಚ್ಚಲೂ ಸಾಲದಷ್ಟು ಜನ. ಮುಂದೆ ಹಿಡಿದ ಹಡಗುಗಳಿಂದಲೇ ಸಾಮಾನು ಮತ್ತು ಆಳುಗಳನ್ನು ಹೊಂದಿಸಿಕೊಂಡ.

ಒಟ್ಟು 38 ಹಡಗು ಅದರ ಕೈಗೆ ಸಿಕ್ಕವು. ಯುದ್ಧ ಮುಗಿದದ್ದು ತಿಳಿಯದೆ 1865ರ ಜೂನ್‌ನಲ್ಲಿ ಬೇರಿಂಗ್ ಕಡಲಲ್ಲಿ ತಿಮಿಂಗಿಲ ಬೇಟೆಯ ಹಡಗುಗಳನ್ನು ಸುಡುತ್ತಿತ್ತು. ಶರಣಾದದ್ದು 1865ರ ನವೆಂಬರ್ 6ರಂದು, ಲಿವರ್‌ಪೂಲ್‌ನಲ್ಲಿ. ಇಂಥ ಹಡಗುಗಳನ್ನು ತಡೆಯದ ತಪ್ಪಿಗೆ ಬ್ರಿಟನ್ 1872ರ ಜಿನೀವಾ ಪಂಚಾಯಿತಿಯ ತೀರ್ಪಿನಂತೆ ಅಮೆರಿಕಕ್ಕೆ 1.55 ಕೋಟಿ ಡಾಲರ್ ತೆರಬೇಕಾಯಿತು.

ಬ್ರೆಜಿಲ್ ಈ ಯುದ್ಧದಲ್ಲಿ ಹೇಗೆ ಸಿಕ್ಕಿಕೊಂಡಿತು?

ದಕ್ಷಿಣದ ಇನ್ನೊಂದು ದಾಳಿನೌಕೆ ಫ್ಲಾರಿಡಾ ಬಹಿಯಾ ಬಂದರಿನಲ್ಲಿ ನಿಂತಿತ್ತು. ಬ್ರೆಜಿಲ್ ತಟಸ್ಥ ರಾಷ್ಟ್ರ, ಅಲ್ಲಿ ಕಾದಾಡುವಂತಿಲ್ಲ. ಆ ಧೈರ್ಯದಲ್ಲಿ ಫ್ಲಾರಿಡಾದ ಕ್ಯಾಪ್ಟನ್ ದಡಕ್ಕೆ ಹೋಗಿದ್ದ. ಅಕ್ಟೋಬರ್ 7ರ ನಸುಕಿಗೆ ಮುಂಚೆ ಉತ್ತರದ ವಾಚುಸೆಟ್ ನೌಕೆ ಅದಕ್ಕೆ ಗುದ್ದಿ, ಸೆರೆಹಿಡಿದು, ಎಳೆದುಕೊಂಡೇ ಹೊರಟುಹೋಯಿತು. ಬ್ರೆಜಿಲ್ ಪ್ರತಿಭಟಿಸಿತು. ಹಡಗನ್ನು ಹಿಂದಿರುಗಿಸಬೇಕೆಂಬ ಮಾತು ನಡೆಯುತ್ತಿರುವಾಗಲೇ, ನವೆಂಬರ್ 28ರಂದು, ಸೈನಿಕ ಸಾಗಣೆಯ ಹಡಗೊಂದು ತಗುಲಿದ ಮೇಲೆ ಅದು ವರ್ಜೀನಿಯಾದಲ್ಲಿ ಮುಳುಗಿತು. ಎಂಥ ಅನುಕೂಲದ ಅಪಘಾತ! ಕಮಾಂಡರ್ ನೆಪೋಲಿಯನ್ ಕಾಲಿನ್ಸ್‌ಗೆ ಸೈನಿಕ ನ್ಯಾಯಾಲಯ ವಜಾ ಶಿಕ್ಷೆ ವಿಧಿಸಿತು, ನೌಕಾ ಕಾರ್ಯದರ್ಶಿ ವೆಲ್ಸ್ ಅದನ್ನು ಒಪ್ಪಲಿಲ್ಲ, ಮುಂದೆ ಅವನಿಗೆ ಬಡ್ತಿಯೂ ಸಿಕ್ಕಿತು. 1866ರಲ್ಲಿ ಬಹಿಯಾದಲ್ಲಿ 21 ತೋಪು ಹಾರಿಸಿ ಅಮೆರಿಕ ಮಾನಭಂಗ ತೊಳೆಯಿತು.

ಬ್ರೆಜಿಲ್ ಹೆಚ್ಚು ಎಗರಾಡದಿರಲು ಇನ್ನೊಂದು ಸಂದರ್ಭವೂ ಇತ್ತು. ಅದೇ ಅಕ್ಟೋಬರ್ 12ರಂದು ಅದರ ಸೈನ್ಯ ಉರುಗ್ವೆ ಗಡಿ ದಾಟಿತು. ಹಾಗೆ ಮಾಡಬೇಡಿ ಎಂದು ಪರಾಗ್ವೆ ಆಗಸ್ಟ್ 30ರಂದೇ ಎಚ್ಚರಿಸಿತ್ತು. ನವೆಂಬರ್‌ನಲ್ಲಿ ಪರಾಗ್ವೆ ಬ್ರೆಜಿಲಿನ ಉಗಿಹಡಗೊಂದನ್ನು ಹಿಡಿಯಿತು. ಅಲ್ಲಿಂದ 1870ರವರೆಗೆ ನಡೆದ ಪರಾಗ್ವೆ ಯುದ್ಧ ದಕ್ಷಿಣ ಅಮೆರಿಕ ಕಂಡ ಅತ್ಯಂತ ಘೋರ ಯುದ್ಧ.

ಕೆನಡಾ ಒಂದು ದೇಶವಾದದ್ದಕ್ಕೂ ಈ ತಿಂಗಳಿಗೂ ಏನು ನಂಟು?

ಅಕ್ಟೋಬರ್ 10ರಿಂದ 27ರವರೆಗೆ ಕ್ವಿಬೆಕ್ ನಗರದಲ್ಲಿ ಬ್ರಿಟಿಷ್ ಉತ್ತರ ಅಮೆರಿಕದ ಪ್ರಾಂತ್ಯಗಳ ಪ್ರತಿನಿಧಿಗಳು ಕೂತು 72 ನಿರ್ಣಯ ಮಾಡಿದರು. 1867ರ ಜುಲೈ 1ರಂದು ಹುಟ್ಟಿದ ಒಕ್ಕೂಟಕ್ಕೆ ಅದೇ ತಳಪಾಯ. ಸಭೆ ನಡೆಯುತ್ತಿರುವಾಗಲೇ ಸೇಂಟ್ ಆಲ್ಬನ್ಸ್ ದರೋಡೆ ಆದದ್ದರಿಂದ, ದರೋಡೆಯೇ ಒಕ್ಕೂಟಕ್ಕೆ ಕಾರಣ ಎಂದು ಬರೆದುಬಿಡುತ್ತಾರೆ. ದಿನಾಂಕ ನೋಡಿದರೆ ಸಾಕು: ಸಭೆ ಆರಂಭವಾಗಿ ಒಂಬತ್ತು ದಿನದ ಮೇಲೆ ದರೋಡೆ. ಅಮೆರಿಕ ಸಿಟ್ಟಿಗೆದ್ದು ಮೇಲೆ ಬಿದ್ದೀತು ಎಂಬ ಮೊದಲೇ ಇದ್ದ ಭಯಕ್ಕೆ ಅದು ಗಾಳಿ ಹಾಕಿತು, ಅಷ್ಟೆ.

ಕಲ್ಕತ್ತೆಯ ಚಂಡಮಾರುತದಲ್ಲಿ ಎಷ್ಟು ಜನ ಸತ್ತರು? ಒಂದೊಂದು ಕಡೆ ಒಂದೊಂದು ಅಂಕಿ ಇದೆಯಲ್ಲ?

ಈ ತಿಂಗಳ ಅತಿ ದೊಡ್ಡ ಸಾವು ಸಂಭವಿಸಿದ್ದು ಅಮೆರಿಕದ ರಣರಂಗದಲ್ಲಲ್ಲ, ಬಂಗಾಳದಲ್ಲಿ, ಅಕ್ಟೋಬರ್ 5ರಂದು. ಸಾಮಾನ್ಯವಾಗಿ ಕೊಡುವ ಅಂಕಿ ಸುಮಾರು 60,000. ಅಂಕಿ ಬದಲಾಗುವುದಕ್ಕೆ ಕಾರಣಗಳು ಸ್ಪಷ್ಟ. ಕೆಲವರು ಅಂದು ಮುಳುಗಿ ಸತ್ತವರನ್ನು ಮಾತ್ರ ಎಣಿಸುತ್ತಾರೆ, ಕೆಲವರು ಮುಂದಿನ ವಾರಗಳಲ್ಲಿ ರೋಗರುಜಿನಕ್ಕೆ ಬಲಿಯಾದವರನ್ನೂ ಸೇರಿಸುತ್ತಾರೆ. ಎಲ್ಲಾದರೂ ಮೂರು ಲಕ್ಷ ಎಂದಿದ್ದರೆ ಅದು 1737ರ ಚಂಡಮಾರುತದ್ದೆಂದು ಹೇಳುವ ಅಂಕಿ. ಅದೂ ಅಕ್ಟೋಬರ್‌ನದೇ ಆದ್ದರಿಂದ ಎರಡೂ ಕಲಸಿಹೋಗುತ್ತವೆ. ನವೆಂಬರ್ 1ರಂದು ಮಚಲೀಪಟ್ಟಣಕ್ಕೆ ಅಪ್ಪಳಿಸಿದ ಚಂಡಮಾರುತವೂ ಬೇರೆಯೇ.

ಕೊಂದದ್ದು ಗಾಳಿಗಿಂತ ಹೆಚ್ಚಾಗಿ ನೀರು. ಹೂಗ್ಲಿಯ ಬಾಯಿ ಅಗಲ, ಒಳಗೆ ಹೋದಂತೆ ಪಾತ್ರ ಕಿರಿದು. ಗಾಳಿ ತಳ್ಳಿದ ಕಡಲು ಆ ಕಿರಿದಾಗುವ ದಾರಿಯಲ್ಲಿ ಏರುತ್ತ ಏರುತ್ತ ಎರಡೂ ದಂಡೆಯ ತಗ್ಗಿನ ಊರುಗಳನ್ನು ನುಂಗಿತು. ಖೇಜುರಿ ಬಂದರು ಮತ್ತೆ ಎದ್ದು ನಿಲ್ಲಲಿಲ್ಲ. ಕಲ್ಕತ್ತೆಯ ಬಂದರಿನಲ್ಲಿ ಲಂಗರು ಕಿತ್ತ ಹಡಗುಗಳು ಒಂದರ ಮೇಲೊಂದು ಬಿದ್ದು ರಾಶಿಯಾದವು. "ಕಲ್ಕತ್ತೆ ಚಂಡಮಾರುತ" ಎಂಬ ಹೆಸರಿನಿಂದ ಸತ್ತವರೆಲ್ಲ ನಗರದವರು ಎನಿಸುತ್ತದೆ. ನಿಜದಲ್ಲಿ ಬಹುಪಾಲು ಜನ ಕೆಳಗಿನ ನದಿಮುಖದ ಹಳ್ಳಿಗರು. ನವರಾತ್ರಿಯ ದಿನಗಳು, ದುರ್ಗಾಪೂಜೆ ಇನ್ನೇನು ಬರಲಿತ್ತು. ಬಂಗಾಳಿಗಳು ಇದನ್ನು ಆಶ್ವಿನದ ಬಿರುಗಾಳಿ ಎಂದೇ ನೆನೆಯುತ್ತಾರೆ.

ತಂತಿ ಇತ್ತು, ಎಚ್ಚರಿಕೆ ಕಳಿಸುವ ಏರ್ಪಾಡು ಇರಲಿಲ್ಲ. 1865ರಲ್ಲಿ ಕಲ್ಕತ್ತೆ ಬಂದರಿಗೆ ಬಿರುಗಾಳಿ ಮುನ್ಸೂಚನೆಯ ವ್ಯವಸ್ಥೆ ಬಂತು. ಈ ಚಂಡಮಾರುತದ ವರದಿ ಬರೆದ ಇಬ್ಬರಲ್ಲಿ ಒಬ್ಬರಾದ ಹೆನ್ರಿ ಬ್ಲ್ಯಾನ್‌ಫರ್ಡ್ 1875ರಲ್ಲಿ ಹುಟ್ಟಿದ ಭಾರತ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು.

ಹತ್ತಿಯ ಬೆಲೆ ಅಕ್ಟೋಬರ್‌ನಲ್ಲಿ ಯಾಕೆ ಕುಸಿಯಿತು? ಯುದ್ಧ ಇನ್ನೂ ನಡೆಯುತ್ತಿತ್ತಲ್ಲ?

ಬೆಲೆ ನಿಂತಿದ್ದು ಯುದ್ಧದ ಮೇಲಲ್ಲ, ಯುದ್ಧ ಎಷ್ಟು ದಿನ ನಡೆದೀತು ಎಂಬ ಊಹೆಯ ಮೇಲೆ. ಯುದ್ಧಕ್ಕೆ ಮುಂಚೆ ಲಿವರ್‌ಪೂಲ್‌ನಲ್ಲಿ ಪೌಂಡಿಗೆ 6–7 ಪೆನ್ಸ್ ಇದ್ದ ಅಮೆರಿಕದ ಹತ್ತಿ, ಯುದ್ಧದಿಂದ ಬರುವುದು ತಗ್ಗಿದ್ದರಿಂದ, 1864ರ ನಡುವಿನಲ್ಲಿ 30 ಪೆನ್ಸ್ ಆಸುಪಾಸಿಗೆ ಏರಿತ್ತು. ಆಗಸ್ಟ್ ಕೊನೆಗೆ ಶಿಕಾಗೊದಲ್ಲಿ ಸೇರಿದ ಡೆಮಾಕ್ರಾಟ್ ಸಮ್ಮೇಳನ ಸಂಧಾನದ ಮಾತಾಡಿತು. ಬೆನ್ನಿಗೇ ಅಟ್ಲಾಂಟಾ ಬಿತ್ತು. ಹೇಗಾದರೂ ಯುದ್ಧ ಮುಗಿಯುತ್ತದೆ, ದಕ್ಷಿಣದ ಗೋದಾಮುಗಳ ಹತ್ತಿ ಹೊರಬರುತ್ತದೆ ಎಂಬ ಗುಲ್ಲೆದ್ದು ಬೆಲೆ ಜಾರಿತು.

ಹಣವೂ ಬಿಗಿಯಾಗಿತ್ತು. ಭಾರತ ಮತ್ತು ಈಜಿಪ್ಟಿನ ಹತ್ತಿಗೆ ಬೆಳ್ಳಿ ಸುರಿಯಬೇಕಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ ಸೆಪ್ಟೆಂಬರ್ 8ರಂದು ಬಡ್ಡಿದರವನ್ನು ಶೇ. 9ಕ್ಕೆ ಏರಿಸಿ ನವೆಂಬರ್ 10ರವರೆಗೆ ಇಳಿಸಲಿಲ್ಲ. ಅಂದರೆ ಇಡೀ ಅಕ್ಟೋಬರ್ ಶೇ. 9. ಸಾಲದ ಮೇಲೆ ಹತ್ತಿ ಹಿಡಿದಿಟ್ಟವರಿಗೆ ಎರಡೂ ಕಡೆಯಿಂದ ಏಟು.

ಧಾರವಾಡ, ಕುಮಟಾ, ಕಾರವಾರಗಳಿಗೆ ಇದರ ಬಿಸಿ ಹೇಗೆ ತಟ್ಟಿತು?

ಧಾರವಾಡ ಸೀಮೆಯಲ್ಲಿ ಎರಡು ಬಗೆ ಹತ್ತಿ. ಒಂದು, 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ನೆಲೆಯೂರಿದ "ಧಾರವಾಡ-ಅಮೆರಿಕನ್". ಇನ್ನೊಂದು ನಾಡ ಹತ್ತಿ. ಅದು ಹಡಗೇರುವ ಬಂದರಿನ ಹೆಸರಿನಿಂದ ಪೇಟೆಯಲ್ಲಿ ಅದಕ್ಕೆ "ಕುಮಟಾ" ಎಂದೇ ಹೆಸರು. ಅಮೆರಿಕನ್ ಜಾತಿಗೆ ಗರಗಸದ ಹಲ್ಲಿನ ಜಿನ್ (ಬೀಜ ಬಿಡಿಸುವ ಯಂತ್ರ) ಒಗ್ಗಿತು. ಅದೇ ಜಿನ್‌ಗೆ ನಾಡ ಹತ್ತಿ ಹಾಕಿದರೆ ಎಳೆ ತುಂಡಾಗುತ್ತಿತ್ತು. ಹಾಗಾಗಿ ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸಲಾಕೆಯನ್ನು ಕಾಲಲ್ಲಿ ಉರುಳಿಸಿ ಬೀಜ ಬಿಡಿಸುವ ಹಳೆಯ ಪದ್ಧತಿಯೇ ಮುಂದುವರಿಯಿತು. ನಿಧಾನ, ಆದರೆ ಅರಳೆ ಕೆಡುತ್ತಿರಲಿಲ್ಲ.

ಬೆಲೆ ಏರಿದಂತೆ ಮೋಸವೂ ಏರಿತು. ಎರಡೂ ಜಾತಿ ಬೆರೆಸುವುದು, ಬೀಜ-ಮಣ್ಣು ಸೇರಿಸುವುದು, ತೂಕ ಬರಲೆಂದು ನೀರು ಚಿಮುಕಿಸುವುದು. 784 ಪೌಂಡಿನ ಒಂದು ಖಂಡಿಗೆ ದರ ಕಟ್ಟುವಾಗ ನೂರಕ್ಕೆ ಐದರಷ್ಟು ಕಲಬೆರಕೆಯೆಂದರೂ ಹೆಚ್ಚುಕಡಿಮೆ 39 ಪೌಂಡ್ ಕಸಕ್ಕೆ ಹತ್ತಿಯ ಬೆಲೆ ಕೊಟ್ಟಂತೆ. ನೀರು ಬಿದ್ದ ಅಂಡಿಗೆ ದಾರಿಯಲ್ಲೇ ಮುಗ್ಗಿ ಬಣ್ಣಗೆಡುತ್ತಿತ್ತು. 1863ರಲ್ಲೇ ಬೊಂಬಾಯಿ ಸರ್ಕಾರ ಹತ್ತಿ ಮೋಸ ತಡೆ ಕಾಯ್ದೆ ತಂದಿತ್ತು.

ಸಾಗಣೆ ಚಕ್ಕಡಿಯಲ್ಲಿ, ಘಟ್ಟ ಇಳಿದು ಕುಮಟಾಕ್ಕೆ, ಅಲ್ಲಿಂದ ಪತ್ತೇಮಾರಿ ಹಾಯಿದೋಣಿಗಳಲ್ಲಿ ಬೊಂಬಾಯಿಗೆ. ದೊಡ್ಡ ಹಡಗು ನಿಲ್ಲುವಂಥ ಕಾರವಾರವನ್ನು ಹತ್ತಿಯ ಬಂದರು ಮಾಡಬೇಕೆಂಬ ಮ್ಯಾಂಚೆಸ್ಟರ್ ಒತ್ತಡದಿಂದಲೇ ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಸದಾಶಿವಗಡದಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾಲೂರಲು ನೋಡಿತು.

ಅಕ್ಟೋಬರ್‌ನಲ್ಲಿ ಧಾರವಾಡದ ರೈತನ ಕೈಯಲ್ಲಿ ಮಾರಲು ಹೊಸ ಹತ್ತಿ ಇರಲಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅಲ್ಲಿ ಬಿತ್ತನೆ ಆಗಸ್ಟ್–ಸೆಪ್ಟೆಂಬರ್, ಬಿಡಿಸುವುದು ಫೆಬ್ರವರಿಯ ಸುಮಾರಿಗೆ ಶುರು. ಬೆಲೆ ನೆತ್ತಿಗೇರಿದ್ದಾಗ ಬಿತ್ತಿದ ಬೆಳೆ ಕೈಗೆ ಬರುವಷ್ಟರಲ್ಲಿ 1865ರ ವಸಂತ. ಏಪ್ರಿಲ್ 9ಕ್ಕೆ ದಕ್ಷಿಣದ ದಂಡನಾಯಕ ಲೀ ಶರಣಾದ, ಬೆಲೆ ನೆಲಕಚ್ಚಿತು. ಜುಲೈ 1ರ ವಾಯಿದೆಗೆ ಬೊಂಬಾಯಿಯ ಷೇರುಪೇಟೆಯೂ ಮುಗುಚಿತು.

ಅಮೆರಿಕದ ಸುದ್ದಿ ಬೊಂಬಾಯಿಗೆ ಎಷ್ಟು ದಿನಕ್ಕೆ ಬರುತ್ತಿತ್ತು?

ಅಟ್ಲಾಂಟಿಕ್ ಅಡಿಯಲ್ಲಿ ಕೆಲಸ ಮಾಡುವ ತಂತಿ ಬಂದದ್ದು 1866ರಲ್ಲಿ. ಹಾಗಾಗಿ ಮೊದಲ ಹಂತ ಉಗಿಹಡಗು: ನ್ಯೂಯಾರ್ಕಿನಿಂದ ಬ್ರಿಟನ್ನಿಗೆ 10–12 ದಿನ. ಪರ್ಷಿಯನ್ ಕೊಲ್ಲಿಯ ತಂತಿ 1864ರಲ್ಲೇ ಕಡಲಿಗಿಳಿದಿದ್ದರೂ ಲಂಡನ್–ಕರಾಚಿ ಸಂದೇಶ ಹರಿದದ್ದು 1865ರಲ್ಲಿ. ಆದ್ದರಿಂದ ಎರಡನೇ ಹಂತದಲ್ಲಿ ಈಜಿಪ್ಟ್‌ವರೆಗೆ ತಂತಿ, ಸೂಯೆಜ್‌ನಿಂದ ಬೊಂಬಾಯಿಗೆ ಮತ್ತೆ ಹಡಗು. ಕಾಗದಪತ್ರವಾದರೆ ಲಂಡನ್ನಿನಿಂದ ಬೊಂಬಾಯಿಗೆ ಸುಮಾರು ನಾಲ್ಕು ವಾರ. ಅಟ್ಲಾಂಟಾ ಬಿದ್ದ ಸುದ್ದಿ ಲಿವರ್‌ಪೂಲಿಗೆ ಸೆಪ್ಟೆಂಬರ್ ನಡುವಿನಲ್ಲಿ, ಬೊಂಬಾಯಿಗೆ ಅಕ್ಟೋಬರ್‌ನಲ್ಲಿ. 1864ರ ಭಾರತೀಯ ಪತ್ರಿಕೆಯಲ್ಲಿ ಅಮೆರಿಕದ ಸುದ್ದಿ ಕಂಡರೆ ಘಟನೆಯ ದಿನಾಂಕವನ್ನು ಐದಾರು ವಾರ ಹಿಂದೆ ಹುಡುಕಬೇಕು.

ನೆವಾಡಾದ ಸಂವಿಧಾನವನ್ನು ಪೂರ್ತಿ ತಂತಿಯಲ್ಲೇ ಕಳಿಸಿದರೇ?

ಹೌದು, 16,543 ಪದ. ಅಂಚೆಯಲ್ಲಿ ಕಳಿಸಿದ ಪ್ರತಿಗಳು ವಾಷಿಂಗ್ಟನ್ ಮುಟ್ಟಿರಲಿಲ್ಲ, ಚುನಾವಣೆ ಹತ್ತಿರವಿತ್ತು. ಅಕ್ಟೋಬರ್ 26–27ರಂದು ಕಾರ್ಸನ್ ಸಿಟಿಯಿಂದ ಸಾಲ್ಟ್ ಲೇಕ್ ಸಿಟಿಗೆ, ಅಲ್ಲಿ ಬರೆದುಕೊಂಡು ಶಿಕಾಗೊಗೆ, ಮತ್ತೆ ಫಿಲಡೆಲ್ಫಿಯಾಕ್ಕೆ, ಕೊನೆಗೆ ವಾಷಿಂಗ್ಟನ್‌ಗೆ. ಒಂದೇ ಎಳೆಯಲ್ಲಿ ಅಷ್ಟು ದೂರ ಹೋಗುವ ತಂತಿ ಇರಲಿಲ್ಲ, ಪ್ರತಿ ನಿಲುಗಡೆಯಲ್ಲೂ ಮನುಷ್ಯರೇ ಕೇಳಿ, ಬರೆದು, ಮತ್ತೆ ಒತ್ತಬೇಕು. ಖರ್ಚು 4,303 ಡಾಲರ್ 27 ಸೆಂಟ್. ಅಕ್ಟೋಬರ್ 31ರಂದು ನೆವಾಡಾ ರಾಜ್ಯವಾಯಿತು. ಬೆಳ್ಳಿ ಗಣಿಗಾಗಿ ಅವಸರ ಮಾಡಿದರು ಎಂಬ ಮಾತು ಸರಿಯಲ್ಲ, ಪ್ರದೇಶ ಮೊದಲೇ ಒಕ್ಕೂಟದ ಕೈಯಲ್ಲಿತ್ತು. ಇಷ್ಟೆಲ್ಲ ಮಾಡಿ ಸಿಕ್ಕ, ಅಧ್ಯಕ್ಷರನ್ನು ಆರಿಸುವ ಮೂರು ಚುನಾಯಕ ಮತಗಳಲ್ಲಿ ಬಿದ್ದದ್ದು ಎರಡೇ. ಮೂರನೆಯ ಚುನಾಯಕ ಹಿಮದಲ್ಲಿ ಸಿಕ್ಕಿಕೊಂಡಿದ್ದ.

ಮೇರಿಲ್ಯಾಂಡ್ ಮತದಾನದ ಅಂತರ ನಿಜಕ್ಕೂ ಅಷ್ಟು ಕಡಿಮೆಯೇ?

ಗುಲಾಮಗಿರಿ ರದ್ದು ಮಾಡುವ ಹೊಸ ಸಂವಿಧಾನದ ಪರ 30,174, ವಿರುದ್ಧ 29,799. ಅಂತರ 375. ಯುದ್ಧಭೂಮಿಯಿಂದ ಬಂದ ಸೈನಿಕರ ಮತಗಳೇ ದಡ ಮುಟ್ಟಿಸಿದವು. ಮತದಾನ ಅಕ್ಟೋಬರ್ 12, 13. ಕರಿಯರು ಅಮೆರಿಕದ ಪ್ರಜೆಗಳಾಗಲಾರರು ಎಂದು 1857ರಲ್ಲಿ ತೀರ್ಪು ಕೊಟ್ಟಿದ್ದ, ಅದೇ ಮೇರಿಲ್ಯಾಂಡಿನವರಾದ ಅಮೆರಿಕದ ಮುಖ್ಯ ನ್ಯಾಯಮೂರ್ತಿ ರಾಜರ್ ಟೇನಿ ತೀರಿಕೊಂಡದ್ದು 12ರಂದು.

ಜಪಾನ್, ಚೀನಾ, ರಷ್ಯಾದ ಘಟನೆಗಳ ದಿನಾಂಕ ಯಾಕೆ ಹೊಂದುವುದಿಲ್ಲ?

ಪಂಚಾಂಗ ಬೇರೆ. ರಷ್ಯಾದ ಹಳೆಯ ಪಂಚಾಂಗ ಆ ಶತಮಾನದಲ್ಲಿ 12 ದಿನ ಹಿಂದೆ. ಮಧ್ಯ ಏಷ್ಯಾದ ಚಿಮ್ಕೆಂಟ್ ಕೋಟೆ ಬಿದ್ದದ್ದು ರಷ್ಯನ್ ದಾಖಲೆಗಳಲ್ಲಿ ಸೆಪ್ಟೆಂಬರ್, ನಮ್ಮ ಲೆಕ್ಕದಲ್ಲಿ ಅಕ್ಟೋಬರ್ ಆರಂಭ. 12 ಕೂಡಿಸುವ ಮುನ್ನ, ಪುಸ್ತಕದವರು ಆಗಲೇ ಕೂಡಿಸಿದ್ದಾರೆಯೇ ಎಂದು ನೋಡಿ. ಎರಡು ಸಲ ಕೂಡಿಸಿದರೆ ಘಟನೆ ತಿಂಗಳ ನಡುವಿಗೆ ಜಾರುತ್ತದೆ.

ಜಪಾನ್, ಚೀನಾಗಳದ್ದು ಚಾಂದ್ರಮಾನ. 1864ರಲ್ಲಿ ಅಮಾವಾಸ್ಯೆ ಅಕ್ಟೋಬರ್ 1ಕ್ಕೆ ಬಿದ್ದು ಅಲ್ಲಿಯ ಒಂಬತ್ತನೇ ತಿಂಗಳು ಅಂದೇ ಶುರುವಾಯಿತು. ಹಾಗಾಗಿ ದಿನದ ಸಂಖ್ಯೆ ಒಂದೇ, ತಿಂಗಳ ಸಂಖ್ಯೆ ಮಾತ್ರ ಬೇರೆ. ಒಂಬತ್ತನೇ ತಿಂಗಳ 22 ಎಂದರೆ ಅಕ್ಟೋಬರ್ 22. ಅದನ್ನು ಸೆಪ್ಟೆಂಬರ್ 22 ಎಂದು ಓದುವುದೇ ಮಾಮೂಲಿ ತಪ್ಪು. ನಮ್ಮಲ್ಲಿ ಆಗ ರಕ್ತಾಕ್ಷಿ ಸಂವತ್ಸರದ ಆಶ್ವಯುಜ.

ಆ 22ರಂದು ಜಪಾನಿನಲ್ಲಿ ಏನಾಯಿತು?

ಶಿಮೊನೊಸೆಕಿ ಜಲಸಂಧಿಯಲ್ಲಿ ವಿದೇಶಿ ಹಡಗುಗಳಿಗೆ ಗುಂಡು ಹಾರಿಸಿದ್ದಕ್ಕೆ 30 ಲಕ್ಷ ಡಾಲರ್ ದಂಡ ಕೊಡಲು ಜಪಾನನ್ನು ಆಳುತ್ತಿದ್ದ ಸೇನಾಧಿಪತಿ ಶೋಗನ್‌ನ ಸರ್ಕಾರ ಒಪ್ಪಿತು. ಪಡೆದವರು ಬ್ರಿಟನ್, ಫ್ರಾನ್ಸ್, ಹಾಲೆಂಡ್, ಅಮೆರಿಕ. ಆ ಗುಂಡಿಗೆ ಉತ್ತರವಾಗಿ ಈ ನಾಲ್ವರು ಸೆಪ್ಟೆಂಬರ್‌ನಲ್ಲಿ ಮಾಡಿದ ದಾಳಿಗೆ ಅಮೆರಿಕ ಕಳಿಸಿದ್ದು ಬಾಡಿಗೆಗೆ ಹಿಡಿದ ತಾ-ಕಿಯಾಂಗ್ ಎಂಬ ಒಂದು ಉಗಿದೋಣಿ. ಅದರ ಯುದ್ಧನೌಕೆಗಳಲ್ಲಿ ಬಹುಪಾಲು ಮನೆಯ ಜಗಳದಲ್ಲಿದ್ದವು. ಆದರೂ ಪಾಲು 7,85,000 ಡಾಲರ್ ಬಂತು. ಅದನ್ನು 1883ರಲ್ಲಿ ಹಿಂದಿರುಗಿಸಿದರು.

ಚೀನಾದ ತೈಪಿಂಗ್ ದಂಗೆ ಕೂಡ ಅಂತರ್ಯುದ್ಧವೇ, ಸಾವಿನ ಲೆಕ್ಕದಲ್ಲಿ ಅಮೆರಿಕದ್ದಕ್ಕಿಂತ ಎಷ್ಟೋ ದೊಡ್ಡದು. ದಂಗೆಕೋರರ ರಾಜಧಾನಿ ನಾನ್‌ಜಿಂಗ್ ಜುಲೈ 19ರಂದೇ ಬಿದ್ದಿತ್ತು. ತಪ್ಪಿಸಿಕೊಂಡು ಅಲೆಯುತ್ತಿದ್ದ ಹದಿಹರೆಯದ ದೊರೆ ಹಾಂಗ್ ತಿಯಾನ್‌ಗುಯ್‌ಫು ಜಿಯಾಂಗ್ಸಿಯಲ್ಲಿ ಸಿಕ್ಕಿಬಿದ್ದದ್ದು ಅಕ್ಟೋಬರ್ 25. ನವೆಂಬರ್ 18ರಂದು ಕೊಂದರು.

ಯುರೋಪಿನ ಯಾವ ಘಟನೆಗಳನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು?

ಸೇರಿಸಬೇಕಾದದ್ದು ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದ. ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್, ಲೌಯನ್‌ಬುರ್ಗ್‌ಗಳನ್ನು ಪ್ರಷ್ಯಾ ಮತ್ತು ಆಸ್ಟ್ರಿಯಾಕ್ಕೆ ಜಂಟಿಯಾಗಿ ಬಿಟ್ಟುಕೊಟ್ಟಿತು. ಆ ಜಂಟಿ ಒಡೆತನವೇ 1866ರಲ್ಲಿ ಆ ಇಬ್ಬರ ನಡುವಿನ ಯುದ್ಧಕ್ಕೆ ಬೀಜವಾಯಿತು. ಆಗಸ್ಟ್ 1ರ ಪ್ರಾಥಮಿಕ ಒಪ್ಪಂದವನ್ನು ಇದರ ಜೊತೆ ಬೆರೆಸಬೇಡಿ.

ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಂಘ ಹುಟ್ಟಿದ್ದು ಸೆಪ್ಟೆಂಬರ್ 28ರಂದು, ಲಂಡನ್ನಿನಲ್ಲಿ. ಮಾರ್ಕ್ಸ್ ಅದರ ಮೊದಲ ಪ್ರಣಾಳಿಕೆಯನ್ನು ಅಕ್ಟೋಬರ್ ಕೊನೆಯ ವಾರದಲ್ಲಿ ಬರೆದರು, ಸಮಿತಿ ಒಪ್ಪಿದ್ದು ನವೆಂಬರ್ 1. ಈ ತಿಂಗಳ ಪಟ್ಟಿಗೆ ಬರುವುದು ಬರವಣಿಗೆ ಮಾತ್ರ. ಆಗಸ್ಟ್ 22ರ ಜಿನೀವಾ ಒಡಂಬಡಿಕೆಗೂ ಇಲ್ಲಿ ಜಾಗವಿಲ್ಲ.

ಭಾರತದಲ್ಲಿ, ಮೈಸೂರಿನಲ್ಲಿ ಬೇರೇನಾದರೂ?

ಅಕ್ಟೋಬರ್ 18ರಂದು ವೈಸರಾಯ್ ಜಾನ್ ಲಾರೆನ್ಸ್ ಲಾಹೋರಿನಲ್ಲಿ ದರ್ಬಾರು ನಡೆಸಿ, ಪಂಜಾಬಿನ ನೂರಾರು ರಾಜರು-ಸರದಾರರ ಮುಂದೆ ಹಿಂದೂಸ್ತಾನಿಯಲ್ಲೇ ಮಾತಾಡಿದರು. ಮೈಸೂರು ಕಮಿಷನರ್ ಬೌರಿಂಗ್ ಆಡಳಿತದಲ್ಲಿತ್ತು, ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿದ್ದರು. ಮದರಾಸಿನ ರೈಲು ಬೆಂಗಳೂರು ದಂಡು ನಿಲ್ದಾಣಕ್ಕೆ ಬಂದದ್ದು ಆಗಸ್ಟ್ 1ರಂದು. ಅದನ್ನು ಅಕ್ಟೋಬರ್ ಪಟ್ಟಿಗೆ ತುರುಕುವುದು ಬೇಡ.